ರಾಯಚೂರಿನ ನಮ್ಮ ರೈಲಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಕ್ರಾಂತಿ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ತರಹದ ಪ್ರಶ್ನೆಗಳು ಶುರುವಾಗುತ್ತವೆ. ಬಳ್ಳಾರಿಯ ಚಿಕ್ಕಮ್ಮ ಕೇಳಿದ್ದನ್ನೇ ಗಂಗಾವತಿಯ ಗೆಳತಿ ಕೇಳುತ್ತಾಳೆ. ಅವಳು ಕೇಳಿದ್ದನ್ನೇ ಮಗನ ಶಾಲೆಯ ಇನ್ಯಾರದೋ ತಾಯಿ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ದಯವಿಟ್ಟು ಪೂರ್ತಿ ಓದಿ, ಆಮೇಲೆ ಫೋನ್ ಮಾಡಿ.

ರೈಲಾಟ ಅಂದರೆ ಏನು? ರೈಲ್ವೆಯವರು ನಡೆಸುವ ಕಾರ್ಯಕ್ರಮವಾ?

ಅಲ್ಲ. ನಮ್ಮ ಮಾವ ಹಳಿ ಮೇಲೆ ಕೆಲಸ ಮಾಡಿ ನಿವೃತ್ತರಾದವರು ಎನ್ನುವುದನ್ನು ಬಿಟ್ಟರೆ ರೈಲ್ವೆಗೂ ಇದಕ್ಕೂ ಏನೂ ಸಂಬಂಧವಿಲ್ಲ. 1871ರಲ್ಲಿ ಬೊಂಬಾಯಿ ಕಡೆಯಿಂದ ಬಂದ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಅದನ್ನು ನಮ್ಮ ಮನೆಯವರು, ನೆಂಟರು, ಓಣಿಯವರು ಸೇರಿ ಊರಾಚೆ ಒಬ್ಬರ ಹೊಲದಲ್ಲಿ ಆಡುತ್ತೇವೆ. ಎಂಜಿನ್ ಅಂದರೆ ತಳ್ಳುಗಾಡಿ. ಹಳಿ ಅಂದರೆ ಬಿದಿರು. ಟಿಕೆಟ್ ಇಲ್ಲ, ವೇದಿಕೆ ಇಲ್ಲ, ಮೈಕ್ ಇಲ್ಲ. ಬೆಳಿಗ್ಗೆ ಸ್ಟೇಷನ್, ಆಮೇಲೆ ಕೋಟೆ, ಮಧ್ಯಾಹ್ನ ಹೊಲದಲ್ಲಿ ಬುತ್ತಿ ಊಟ, ಸಂಜೆ ನಾಲ್ಕಕ್ಕೆ ಆಟ. ಕತ್ತಲಾಗುವ ಮುಂಚೆ ವಾಪಸ್.

ರಾಯಚೂರೇ ಯಾಕೆ? ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದು ಬೊಂಬಾಯಿಯಲ್ಲಿ ಅಲ್ವಾ?

ಹೌದು. 1853ರ ಏಪ್ರಿಲ್ 16ರಂದು ಬೊಂಬಾಯಿಯಿಂದ ಠಾಣೆಗೆ, 34 ಕಿ.ಮೀ. ದೂರ. ಸಾಹಿಬ್, ಸಿಂಧ್, ಸುಲ್ತಾನ್ ಅಂತ ಮೂರು ಎಂಜಿನ್, 14 ಡಬ್ಬಿ. ಅದು ಎಲ್ಲರಿಗೂ ಗೊತ್ತು. ಶಾಲೆ ಪುಸ್ತಕದಲ್ಲೂ ಇದೆ.

ಪುಸ್ತಕದಲ್ಲಿ ಅಷ್ಟಾಗಿ ಬರದೇ ಇರುವುದು ಅದರ ಮುಂದಿನ ಕಥೆ. ಆ ರೈಲು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿ ತನ್ನ ಹಳಿಯನ್ನು ಪುಣೆ, ಸೊಲ್ಲಾಪುರ, ಕಲಬುರಗಿ ದಾಟಿಸಿ ದಕ್ಷಿಣಕ್ಕೆ ತಂತು. ಭೋರ್ ಘಟ್ಟ ಹತ್ತಿಸುವುದಕ್ಕೇ ವರ್ಷಗಟ್ಟಲೆ ಹಿಡಿಯಿತು. ಇತ್ತ ಮದ್ರಾಸ್ ರೈಲ್ವೆ ಕಂಪನಿ 1856ರಲ್ಲಿ ರಾಯಪುರಂನಿಂದ ಮೊದಲ ರೈಲು ಓಡಿಸಿತ್ತು. 1861ರಲ್ಲಿ ಅರಕ್ಕೋಣಂನಿಂದ ವಾಯವ್ಯಕ್ಕೆ ಒಂದು ಕವಲು ಶುರುಮಾಡಿತು. ರೇಣಿಗುಂಟಾ, ಕಡಪ, ಗುತ್ತಿ, ಆದವಾನಿ, ಹೀಗೆ ಹತ್ತು ವರ್ಷ ತೆವಳುತ್ತಾ ಬಂತು. ಒಂದಕ್ಕೆ ಕೃಷ್ಣೆ ಅಡ್ಡ, ಇನ್ನೊಂದಕ್ಕೆ ತುಂಗಭದ್ರೆ ಅಡ್ಡ. ಎರಡೂ ಸೇತುವೆ ಕಟ್ಟಿಕೊಂಡು ಬಂದು ನಮ್ಮ ದೋಆಬದ, ಅಂದರೆ ಆ ಎರಡು ನದಿಗಳ ನಡುವಿನ ಸೀಮೆಯ ಒಳಗೆ, ರಾಯಚೂರಿನಲ್ಲಿ ಮುಖಾಮುಖಿಯಾದವು. ಆಗ ಇದು ಬೊಂಬಾಯಿ ಸರ್ಕಾರದ್ದೂ ಅಲ್ಲ, ಮದ್ರಾಸ್ ಸರ್ಕಾರದ್ದೂ ಅಲ್ಲ, ನಿಜಾಮರ ಸೀಮೆ. ಇಬ್ಬರು ಮೂರನೆಯವರ ಅಂಗಳದಲ್ಲಿ ಕೈ ಕುಲುಕಿದಂತೆ.

ಬೊಂಬಾಯಿಯಿಂದ ಮದ್ರಾಸಿಗೆ ಈ ದಾರಿಯಲ್ಲಿ ಸುಮಾರು 1,280 ಕಿ.ಮೀ. ಹೆಚ್ಚು ಕಡಿಮೆ ನಟ್ಟನಡುವೆ ರಾಯಚೂರು. ನಾವು ಆ ಸ್ಟೇಷನ್‌ನಲ್ಲಿ ಚಹಾ ಕುಡಿದು, ಬಿಸಿಲಿಗೆ ಬೈದು, ರೈಲು ಹತ್ತಿ ಹೋಗುತ್ತೇವೆ. ಕಾಲ ಕೆಳಗೆ ಇಂಥದ್ದೊಂದು ನಡೆದಿದೆ ಅಂತ ನನಗೂ ಮದುವೆಯಾಗಿ ಹತ್ತು ವರ್ಷ ಗೊತ್ತಿರಲಿಲ್ಲ.

ಈ ಹುಚ್ಚು ಹತ್ತಿದ್ದು ಹೇಗೆ?

ಮಗನಿಂದ. ಅಮೆರಿಕದಲ್ಲಿ ಎರಡು ಹಳೆ ಎಂಜಿನ್‌ಗಳು ಎದುರುಬದುರು ಬಂದು ನಿಲ್ಲುವ ವಿಡಿಯೊವನ್ನು ಫೋನಿನಲ್ಲಿ ನೋಡಿ, "ನಮ್ಮಲ್ಲಿ ಹೀಗೆ ಆಗಿಲ್ವಾ?" ಎಂದು ಕೇಳಿದ. ನಾನು ಇಲ್ಲ ಎನ್ನುವಷ್ಟರಲ್ಲಿ ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಮಾವ, "ಯಾಕಾಗಿಲ್ಲ? ನಮ್ಮ ರಾಯಚೂರಾಗೇ ಆಗ್ಯಾದಲ್ಲ" ಎಂದರು. ಅವರಿಗೂ ಅದು ಕೆಲಸಕ್ಕೆ ಸೇರಿದಾಗ ಹಿರಿಯರಿಂದ ಕೇಳಿದ ಮಾತು.

ಅಮೆರಿಕದ್ದು ಏನು ಕಥೆ?

ಅಲ್ಲಿಯೂ ಎರಡು ಕಂಪನಿ. ಪೂರ್ವದಿಂದ ಯೂನಿಯನ್ ಪೆಸಿಫಿಕ್, ಪಶ್ಚಿಮದಿಂದ ಸೆಂಟ್ರಲ್ ಪೆಸಿಫಿಕ್. ಯೂಟಾ ಸೀಮೆಯ ಪ್ರಾಮಂಟರಿ ಸಮ್ಮಿಟ್ ಎಂಬ ಬಯಲಿನಲ್ಲಿ 1869ರ ಮೇ 10ರಂದು ಕೂಡಿದವು. ನಮಗಿಂತ ಎರಡೇ ವರ್ಷ ಮುಂಚೆ. ಒಂದು ಎಂಜಿನ್ ಹೆಸರು ಜುಪಿಟರ್, ಇನ್ನೊಂದಕ್ಕೆ ಹೆಸರಿಲ್ಲ, ಬರೀ ನಂಬರ್ 119. ಜುಪಿಟರ್ ಸೌದೆಯದು, 119 ಕಲ್ಲಿದ್ದಲಿನದು. ಕೊನೆಯ ಮೊಳೆ ಅಂತ ಚಿನ್ನದ ಮೊಳೆಯೊಂದನ್ನು ಮಾಡಿಸಿದ್ದರು. ಚಿನ್ನಕ್ಕೆ ಸುತ್ತಿಗೆ ಏಟು ತಡೆಯುತ್ತದೆಯೇ? ಮೊದಲೇ ಕೊರೆದಿಟ್ಟ ತೂತಿಗೆ ಮೆಲ್ಲಗೆ ಇಳಿಸಿ, ಆಮೇಲೆ ತೆಗೆದಿಟ್ಟುಕೊಂಡರು. ಈಗಲೂ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿದೆ. ಕೆಲಸ ಮುಗಿದ ಸುದ್ದಿ ದೇಶಕ್ಕೆಲ್ಲ ತಂತಿಯಲ್ಲಿ ಹೋಯಿತು, ಒಂದೇ ಪದ: ಆಯಿತು.

ಆ ಎರಡೂ ಎಂಜಿನ್‌ಗಳನ್ನು ಆಮೇಲೆ ಗುಜರಿಗೆ ಹಾಕಿದರು. 1979ರಲ್ಲಿ ಅದೇ ಅಳತೆಯ ಹೊಸ ಎಂಜಿನ್ ಮಾಡಿಸಿ ಅದೇ ಜಾಗದಲ್ಲಿ ಓಡಿಸತೊಡಗಿದರು. ಪ್ರತಿ ವರ್ಷ ಮೇ 10ಕ್ಕೆ ಹಳೆ ಕಾಲದ ಬಟ್ಟೆ ಹಾಕಿಕೊಂಡು ಅವತ್ತಿನ ಮಾತುಗಳನ್ನೇ ಆಡುತ್ತಾರೆ. ಮನೆಮಂದಿ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ.

ಒಂದು ವಿಷಯ ಮಾತ್ರ ನನಗೆ ಚುಚ್ಚಿತು. ಸೆಂಟ್ರಲ್ ಪೆಸಿಫಿಕ್‌ನ ಹಳಿ ಹಾಕಿದವರಲ್ಲಿ ಬಹುಪಾಲು ಚೀನಾದಿಂದ ಬಂದ ಕೂಲಿಗಳು, ಹತ್ತು ಸಾವಿರಕ್ಕೂ ಜಾಸ್ತಿ. ಅವತ್ತಿನ ಪ್ರಸಿದ್ಧ ಫೋಟೊದಲ್ಲಿ ಅವರು ಕಾಣುವುದೇ ಇಲ್ಲ. 2014ರಲ್ಲಿ ಚೀನೀ ಮೂಲದ ಅಮೆರಿಕನ್ನರು ಅದೇ ಜಾಗದಲ್ಲಿ ನಿಂತು ಆ ಫೋಟೊವನ್ನು ಮತ್ತೆ ತೆಗೆಸಿಕೊಂಡರು. ಇದನ್ನು ಮಾವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗ್ಯಾಂಗಿನವರ ಫೋಟೊ ಯಾರು ತೆಗಿತಾರವ್ವಾ" ಎಂದರು. ಗ್ಯಾಂಗು ಅಂದರೆ ಹಳಿ ಮೇಲೆ ದುಡಿಯುವ ಕೂಲಿಗಳ ತಂಡ. ನಮ್ಮ ಆಟ ಈಗಿರುವ ರೂಪಕ್ಕೆ ಬಂದದ್ದು ಆ ಮಾತಿನಿಂದ.

ನೀವೂ ಚಿನ್ನದ ಮೊಳೆ ಹೊಡೆಯುತ್ತೀರಾ? ಹಟ್ಟಿ ಗಣಿ ನಿಮ್ಮ ಜಿಲ್ಲೆಯಲ್ಲೇ ಇದೆಯಲ್ಲ!

ಈ ಜೋಕು ಕೇಳಿ ಕೇಳಿ ಕಿವಿ ತೂತಾಗಿದೆ. ಹಟ್ಟಿ ಲಿಂಗಸುಗೂರು ತಾಲೂಕಿನಲ್ಲಿದೆ, ನಿಜ. ನಮ್ಮ ಕೈಗೆ ಚಿನ್ನ ಬಂದರೆ ಮೊಳೆ ಮಾಡಿಸುತ್ತೇವೆಯೇ?

ಮೊದಲ ವರ್ಷ ಮರದ ಮೊಳೆಗೆ ಹಳದಿ ಬಣ್ಣ ಬಳಿದಿದ್ದೆವು. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ತೆಗೆದಿಟ್ಟರು. "ಈ ಮೊಳಿ ಎಲ್ಲಿಂದ ತಂದ್ರಿ? ನಾವು ಕೀ ಹೊಡಿತಿದ್ವಿ." ಹಿಂದೆ ಹಳಿಯನ್ನು ಕುರ್ಚಿಯಂಥ ಕಬ್ಬಿಣದ ಹಿಡಿಕೆಯಲ್ಲಿ ಕೂರಿಸಿ, ಪಕ್ಕದಲ್ಲಿ ಬೆಣೆ ಹೊಡೆದು ಬಿಗಿ ಮಾಡುತ್ತಿದ್ದರು. ಆ ಬೆಣೆಗೆ ಕೀ ಎನ್ನುತ್ತಾರೆ. ರೈಲು ಓಡಾಡಿ ಓಡಾಡಿ ಅದು ಸಡಿಲವಾಗುತ್ತದೆ. ದಿನಾ ಸುತ್ತಿಗೆ ಹಿಡಿದು ತನ್ನ ಪಾಲಿನ ಹಳಿಗುಂಟ ನಡೆದು, ಸಡಿಲಾದ ಕೀಗಳನ್ನು ಬಡಿದು ಕೂರಿಸುವವನೇ ಕೀಮ್ಯಾನ್. ಈಗ ಹಳಿ ಕೆಳಗೆ ಅಡ್ಡ ಹಾಕಲು ಕಾಂಕ್ರೀಟ್ ಸ್ಲೀಪರ್, ಹಳಿ ಬಿಗಿ ಹಿಡಿಯಲು ಸ್ಪ್ರಿಂಗ್ ಕ್ಲಿಪ್ ಬಂದಿವೆ. ಕೀಮ್ಯಾನ್ ಎಂಬ ಹೆಸರು ಮಾತ್ರ ಹಾಗೇ ಉಳಿದಿದೆ. ನಮ್ಮ ಮಾವನ ಕೆಲಸವೂ ಅದೇ.

ಹಾಗಾಗಿ ನಮ್ಮದು ಬೇವಿನ ಮರದ ಬೆಣೆ. ಅತ್ತೆ ಅದಕ್ಕೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು ಕೊಡುತ್ತಾರೆ. ಚಿನ್ನದ ಬಣ್ಣವೇ ಬರುತ್ತದೆ.

ಯಾರಿಗೆ ಯಾವ ಪಾತ್ರ?

ಜಗಳ ಆಗುವುದು ಇಲ್ಲೇ. ಎಲ್ಲ ಮಕ್ಕಳಿಗೂ ಡ್ರೈವರ್ ಆಗಬೇಕು. ಉಳಿದವರಿಗೆ ಟೋಪಿ ಹಾಕಿಕೊಂಡು ಸಾಹೇಬ ಆಗಬೇಕು. ಗ್ಯಾಂಗ್ ಆಗುತ್ತೇನೆ ಅಂತ ಒಂದು ಮಗುವೂ ಮುಂದೆ ಬರುವುದಿಲ್ಲ. ಮೊದಲ ವರ್ಷ ಕೇವಲ ಇಬ್ಬರು ಗ್ಯಾಂಗಿನಲ್ಲಿ ಉಳಿದಿದ್ದರು, ಅವರೂ ತಡವಾಗಿ ಬಂದವರು.

ಈಗ ನಿಯಮ ಬದಲಾಗಿದೆ. ಆಟ ಗ್ಯಾಂಗಿನಿಂದಲೇ ಶುರು. ಬಂದವರೆಲ್ಲ, ಡ್ರೈವರ್ ಆಗುವವರೂ ಸೇರಿ, ಮೊದಲು ಹಳಿ ಹೊತ್ತು ತಂದು ಜೋಡಿಸಬೇಕು. ಮಾವ ಮುಂದೆ ನಿಂತು ಹಾಡಿನ ಧಾಟಿಯಲ್ಲಿ ಕೂಗು ಹಾಕುತ್ತಾರೆ, ಉಳಿದವರು "ಐಸಾ" ಎನ್ನಬೇಕು. ಎಲ್ಲರೂ ಒಟ್ಟಿಗೆ "ಐಸಾ" ಎಂದಾಗಲೇ ಎತ್ತಬೇಕು, ಇಲ್ಲದಿದ್ದರೆ ಒಬ್ಬನ ಕಾಲ ಮೇಲೆ ಬೀಳುತ್ತದೆ. ಬಿದಿರಿಗೆ ಅಷ್ಟೆಲ್ಲ ಬೇಕಾಗಿಲ್ಲ, ಗೊತ್ತು. ಆದರೂ ಆ ಕೂಗು ಶುರುವಾದ ಮೇಲೆ ಯಾರೂ ಡ್ರೈವರ್ ಸೀಟಿಗೆ ಜಗಳ ಆಡಿಲ್ಲ.

ಸಾಹೇಬರು ಇಬ್ಬರೇ, ಕಡೆಗೊಬ್ಬರು. ಅವರು ಬಂದು ಭಾಷಣ ಮಾಡಿ ಬದಿಗೆ ಸರಿಯಬೇಕು. ಕೊನೆಯ ಕೀ ಹೊಡೆಯುವುದು ಕೀಮ್ಯಾನ್. ಫೋಟೊದಲ್ಲಿ ಗ್ಯಾಂಗು ಮುಂದೆ, ಟೋಪಿಯವರು ಹಿಂದೆ. 1871ರಲ್ಲಿ ಹೀಗೆ ಆಗಿರಲಿಕ್ಕಿಲ್ಲ ಎಂದು ನನ್ನ ನಾದಿನಿ ಪ್ರತಿ ಸಲ ತಕರಾರು ತೆಗೆಯುತ್ತಾಳೆ. ಅವಳು ಇತಿಹಾಸದ ಟೀಚರ್. ಅವಳ ಮಾತು ಸರಿಯೇ ಇರಬಹುದು, ನಾವು ಬದಲಾಯಿಸುವುದಿಲ್ಲ.

ಕೀ ಕೂತ ಕೂಡಲೇ ಒಬ್ಬರು ಮನೆಯ ವಾಟ್ಸಾಪ್ ಗುಂಪಿಗೆ ಒಂದೇ ಪದ ಕಳಿಸಬೇಕು: "ಆತು". ಬೆಂಗಳೂರು, ಪುಣೆಯಲ್ಲಿರುವವರು ಕಾಯುತ್ತಾ ಕೂತಿರುತ್ತಾರೆ.

ಆಟಕ್ಕೆ ಎರಡು ಗಡಿಯಾರ ಬೇಕಂತೆ. ಯಾಕೆ?

ಇದು ನನಗೆ ತುಂಬ ಇಷ್ಟದ ಭಾಗ. ಆಗ ದೇಶಕ್ಕೆಲ್ಲ ಒಂದೇ ಸಮಯ ಇರಲಿಲ್ಲ. ಸೂರ್ಯ ನೆತ್ತಿಗೆ ಬಂದಾಗ ಆ ಊರಿಗೆ ಹನ್ನೆರಡು. ಮದ್ರಾಸು ಪೂರ್ವಕ್ಕಿರುವುದರಿಂದ ಅಲ್ಲಿಯ ಗಡಿಯಾರ ಬೊಂಬಾಯಿಗಿಂತ ಸುಮಾರು ಅರ್ಧ ಗಂಟೆ ಮುಂದೆ. ಹಳಿ ಕೂಡಿಸಬಹುದು, ಗಡಿಯಾರ ಕೂಡಿಸುವುದು ಹೇಗೆ? ರೈಲುಗಳು ಮದ್ರಾಸ್ ಸಮಯ ಹಿಡಿದವು. 1906ರಿಂದ ದೇಶಕ್ಕೆಲ್ಲ ಈಗಿನ ಸಮಯ ಬಂತು. ಬೊಂಬಾಯಿ ನಗರವಂತೂ ಹಟ ಹಿಡಿದು 1955ರವರೆಗೂ ತನ್ನದೇ ಸಮಯ ಇಟ್ಟುಕೊಂಡಿತ್ತು.

ನಮ್ಮ ಆಟದಲ್ಲಿ ಮದ್ರಾಸ್ ತಂಡದ ಗಡಿಯಾರವನ್ನು ಅರ್ಧ ಗಂಟೆ ಮುಂದೆ ಇಡುತ್ತೇವೆ. ಇಬ್ಬರಿಗೂ "ನಾಲ್ಕಕ್ಕೆ ಸರಿಯಾಗಿ ಬನ್ನಿ" ಎಂದಷ್ಟೇ ಹೇಳುತ್ತೇವೆ. ಮದ್ರಾಸಿನವರು ಬಂದು ಅರ್ಧ ಗಂಟೆ ಬಿಸಿಲಲ್ಲಿ ಕಾಯುತ್ತಾರೆ. ಒಂದು ವರ್ಷ ಕಾದು ಕಾದು ಬೇಸತ್ತು, ಎರಡೂ ತಂಡಕ್ಕೆಂದು ಇಟ್ಟಿದ್ದ ಮಿರ್ಚಿಯನ್ನೆಲ್ಲ ತಿಂದು ಮುಗಿಸಿದ್ದರು. ಬೊಂಬಾಯಿ ಎಂಜಿನ್ ಬಂದು ನಿಂತಾಗ ಮೊದಲ ಮಾತು ಸ್ವಾಗತದ್ದಾಗಿರಲಿಲ್ಲ.

ಯಾವ ತಿಂಗಳಲ್ಲಿ? ಮೇ ರಜೆಯಲ್ಲಿ ಇಟ್ಟುಕೊಳ್ಳಬಾರದಾ?

ರಾಯಚೂರಿನಲ್ಲಿ ಮೇ ತಿಂಗಳು ನೋಡಿದ್ದೀರಾ? ಡಿಸೆಂಬರ್, ಜನವರಿ ಬಿಟ್ಟರೆ ಬೇರೆ ಮಾತೇ ಇಲ್ಲ. ಬೇಸಿಗೆಯಲ್ಲಿ ಹಳಿಯೇ ಹಿಗ್ಗುತ್ತದೆ. 13 ಮೀಟರ್ ಉದ್ದದ ಹಳಿ 30 ಡಿಗ್ರಿ ಜಾಸ್ತಿ ಕಾದರೆ ಸುಮಾರು ನಾಲ್ಕೂವರೆ ಮಿಲಿಮೀಟರ್ ಬೆಳೆಯುತ್ತದೆ. ಅದಕ್ಕೇ ಹಿಂದೆ ಎರಡು ಹಳಿಗಳ ನಡುವೆ ಸಂದು ಬಿಡುತ್ತಿದ್ದರು. ಹಳೆ ರೈಲಿನ ಆ "ಟಕ ಟಕ, ಟಕ ಟಕ" ಬರುತ್ತಿದ್ದದ್ದು ಚಕ್ರ ಆ ಸಂದು ದಾಟುವಾಗ. ಈಗ ಉದ್ದುದ್ದ ಬೆಸೆದು ಬಿಡುತ್ತಾರೆ, ಸದ್ದು ಕಡಿಮೆ. ಮಾವನಿಗೆ ಈಗಿನ ರೈಲಿನಲ್ಲಿ ನಿದ್ದೆ ಬರುವುದಿಲ್ಲವಂತೆ.

ಬರುವುದು ಹೇಗೆ?

ಬಳ್ಳಾರಿಯವರು ಗುಂತಕಲ್ ಮೇಲೆ ರೈಲಿನಲ್ಲಿ ಬರಬಹುದು, ಗುಂತಕಲ್‌ನಲ್ಲಿ ಗಾಡಿ ಬದಲಾಯಿಸುವ ಲೆಕ್ಕ ಹಿಡಿದು ಬೇಗ ಹೊರಡಿ. ಗುಂತಕಲ್‌ನಿಂದ ರಾಯಚೂರಿಗೆ ಬರುವ ದಾರಿಯೇ ಹಳೆ ಮದ್ರಾಸ್ ಕಂಪನಿಯ ದಾರಿ. ತುಂಗಭದ್ರೆ ದಾಟುವಾಗ ಮಕ್ಕಳನ್ನು ಕಿಟಕಿ ಹತ್ತಿರ ಕೂರಿಸಿ. ಕಲಬುರಗಿ ಕಡೆಯಿಂದ ಬರುವವರು ಬೊಂಬಾಯಿ ಕಂಪನಿಯ ದಾರಿಯಲ್ಲಿ ಕೃಷ್ಣೆ ದಾಟಿ ಬರುತ್ತಾರೆ. ಯಾವ ಕಡೆಯಿಂದ ಬಂದಿರೋ ಆ ತಂಡಕ್ಕೇ ಸೇರಿಸುತ್ತೇವೆ.

ಈಗ ಕೊಪ್ಪಳದಲ್ಲಿರುವ ನಾವು ಮಾತ್ರ ಗಂಗಾವತಿ, ಸಿಂಧನೂರು, ಮಾನ್ವಿ ಮೇಲೆ ಬಸ್ಸಿನಲ್ಲಿ, ಹಿಂದಿನ ದಿನವೇ ಬಂದುಬಿಡುತ್ತೇವೆ. ರೈಲಾಟಕ್ಕೆ ಬಸ್ಸಿನಲ್ಲಿ! ನಗಬೇಡಿ, ಇದರ ಮಾತು ಕೊನೆಗೆ ಬರುತ್ತದೆ.

ಸ್ಟೇಷನ್‌ನಲ್ಲಿ ಏನು ಮಾಡುತ್ತೀರಿ? ಅಲ್ಲೇ ಆಟ ಆಡಿದರೆ ಇನ್ನೂ ಚೆನ್ನ ಅಲ್ವಾ?

ಚೆನ್ನ ಅಲ್ಲ, ಅಪಾಯ. ಹಳಿ ಮೇಲೆ ಇಳಿಯುವುದು ಕಾನೂನು ಪ್ರಕಾರ ಅಪರಾಧ. ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಸೆಲ್ಫಿಗೂ ಇಳಿಯಬೇಡಿ. ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಒಂದು ಗಂಟೆ ಬೆಂಚಿನ ಮೇಲೆ ಕೂರುತ್ತೇವೆ, ಅಷ್ಟೇ. ಆ ಟಿಕೆಟ್ ಎರಡು ತಾಸು ನಡೆಯುತ್ತದೆ.

ಕೂತಲ್ಲೇ ಮಾವ ಪಾಠ ಶುರುಮಾಡುತ್ತಾರೆ. ಒಂದೇ ಹಳಿ ಇದ್ದ ಕಡೆ ಎರಡು ರೈಲು ಎದುರಾಗದಂತೆ ಡ್ರೈವರ್ ಕೈಗೆ ಒಂದು ಲೋಹದ ಚೆಂಡು ಕೊಡುತ್ತಿದ್ದ ಕಥೆ. ದೊಡ್ಡ ಬಳೆಯಂಥ ಬೆತ್ತದ ಚಕ್ರಕ್ಕೆ ಚೀಲ ಕಟ್ಟಿ ಅದರೊಳಗೆ ಆ ಟೋಕನ್ ಇಡುತ್ತಿದ್ದರು. ಓಡುವ ರೈಲಿನಿಂದಲೇ ಒಬ್ಬ ಎಸೆಯುತ್ತಿದ್ದ, ಇನ್ನೊಬ್ಬ ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಆ ಚೆಂಡು ಕೈಯಲ್ಲಿ ಇಲ್ಲದೆ ರೈಲು ಮುಂದೆ ಹೋಗುವಂತಿಲ್ಲ. ಹಳಿ ಮುರಿದಿದ್ದರೆ ಕೀಮ್ಯಾನ್ ಓಡಿಹೋಗಿ ಹತ್ತು ಮೀಟರಿಗೊಂದರಂತೆ ಮೂರು ಪಟಾಕಿ ಕಟ್ಟಿ, ಕೆಂಪು ಬಾವುಟ ಹಿಡಿದು ನಿಲ್ಲುತ್ತಿದ್ದ. ಚಕ್ರ ಹರಿದು ಢಂ ಎಂದರೆ ಡ್ರೈವರಿಗೆ ಗೊತ್ತಾಗುತ್ತಿತ್ತು. ಮಾವನ ಸೇವೆಯಲ್ಲಿ ಒಂದೇ ಸಲ ಹಾಗೆ ಕಟ್ಟಿದ್ದಾರೆ. ಅದನ್ನು ಅವರ ಬಾಯಲ್ಲೇ ಕೇಳಬೇಕು, ನಾನು ಬರೆದರೆ ರುಚಿ ಕೆಡುತ್ತದೆ.

ಕೋಟೆಗೂ ರೈಲಿಗೂ ಏನು ಸಂಬಂಧ?

ನೇರ ಸಂಬಂಧ ಇಲ್ಲ. ಆದರೆ ಕೋಟೆ ಗೋಡೆಯಲ್ಲಿ 1294ರ ಶಾಸನ ಕೆತ್ತಿದ ಒಂದು ಕಲ್ಲಿದೆ. 41 ಅಡಿಗೂ ಜಾಸ್ತಿ ಉದ್ದ, ಒಂದೇ ಕಲ್ಲು. ಅದನ್ನು ಅಲ್ಲಿಗೆ ತಂದದ್ದು ಹೇಗೆ ಎಂಬ ಚಿತ್ರವನ್ನೂ ಕೆತ್ತಿದ್ದಾರೆ! ಗಾಲಿಗಳ ಬಂಡಿ, ಮೇಲೆ ಕಲ್ಲು, ಮುಂದೆ ಸಾಲು ಸಾಲು ಕೋಣಗಳು, ಜೊತೆಗೆ ದುಡಿಯುವ ಜನ. ರೈಲು ಬರುವುದಕ್ಕೆ 577 ವರ್ಷ ಮುಂಚೆ ಭಾರ ಎಳೆದವರ ಚಿತ್ರ. ಇಲ್ಲಿ ಕೂಲಿಯವರು ಫೋಟೊದೊಳಗೆ ಇದ್ದಾರೆ ನೋಡಿ. ಈಗಲೂ ರಾಯಚೂರಲ್ಲಿ ಕಾರಹುಣ್ಣಿಮೆಯ ಮುಂಗಾರು ಹಬ್ಬಕ್ಕೆ ಎತ್ತುಗಳಿಂದ ಭಾರದ ಕಲ್ಲು ಎಳೆಸುತ್ತಾರೆ. ಬಸ್ ನಿಲ್ದಾಣದ ಹತ್ತಿರವೇ ಇದೆ ಕೋಟೆ, ತಪ್ಪಿಸಬೇಡಿ.

ಎಂಜಿನ್, ಹಳಿ ಮಾಡುವುದು ಹೇಗೆ?

ಬಾಳೆಹಣ್ಣು ಮಾರುವ ತಳ್ಳುಗಾಡಿ ಎರಡು, ದಿನದ ಬಾಡಿಗೆಗೆ. ಸುತ್ತ ಫ್ರಿಜ್ ಬಂದ ರಟ್ಟಿನ ಡಬ್ಬ ಕತ್ತರಿಸಿ ಕಟ್ಟುತ್ತೇವೆ. ಮುಂದೆ ಎಣ್ಣೆ ಡಬ್ಬಿಯ ಚಿಮಣಿ. ಸ್ಲೀಪರಿಗೆ ತೊಗರಿ ಕಟ್ಟಿಗೆಯ ಕಂತೆಗಳು, ಹೊಲದಲ್ಲೇ ಸಿಗುತ್ತವೆ. ಹಳಿಗಳ ನಡುವಿನ ಅಗಲ ಮಾತ್ರ ಖರೇ ಅಳತೆ, 1,676 ಮಿಲಿಮೀಟರ್. ಎರಡೂ ಕಂಪನಿ ಇದೇ ಅಗಲದ ಹಳಿ ಹಾಕಿದ್ದಕ್ಕೇ ಕೂಡಿದ್ದು ಸುಲಭವಾಯಿತು. ತಳ್ಳುಗಾಡಿಯ ಚಕ್ರ ಅಷ್ಟು ಅಗಲ ಇರುವುದಿಲ್ಲ, ಹಳಿಯ ನಡುವೆ ಓಡುತ್ತದೆ. ಇದನ್ನು ಹೇಳಿ ಯಾರೂ ನಮ್ಮನ್ನು ಕೆಣಕಬೇಡಿ.

ಹೊಗೆಗೆ ಲೋಬಾನ. ಚಿಮಣಿ ಡಬ್ಬಿಯೊಳಗೆ ಕೆಂಡದ ಮಡಕೆ ಇಟ್ಟು ದೊಡ್ಡವರೊಬ್ಬರು ಲೋಬಾನ ಹಾಕುತ್ತಾರೆ. ಒಂದು ಸಲ ಗಾಳಿ ತಿರುಗಿ ಇಡೀ ಬೊಂಬಾಯಿ ತಂಡ ಕೆಮ್ಮುತ್ತಾ ಬಂತು. ರಟ್ಟಿಗೆ ಕಿಡಿ ತಾಗದಂತೆ ನಡುವೆ ತಗಡು ಇಡಿ, ಪಕ್ಕದಲ್ಲಿ ಎರಡು ಕೊಡ ನೀರು. ಮಕ್ಕಳ ಕೈಗೆ ಕೆಂಡ ಬೇಡ. ಸೀಟಿಗೆ ಪೀಪಿ ಸಾಕು.

ವೇಷ?

ಹೊಸದಾಗಿ ಏನೂ ಕೊಳ್ಳಬೇಡಿ. ಅಜ್ಜನ ಧೋತರ, ರುಮಾಲು, ಅಜ್ಜಿಯ ಇಳಕಲ್ ಸೀರೆ ಇದ್ದರೆ ತನ್ನಿ.

ನಿಜವಾದ ಹೊಗೆ ಎಂಜಿನ್ ನೋಡಬೇಕು ಎಂದು ಮಕ್ಕಳು ಹಟ ಮಾಡಿದರೆ?

ಹುಬ್ಬಳ್ಳಿಗೆ ಹೋಗಿ. 2020ರಲ್ಲಿ ಸ್ಟೇಷನ್ ಹತ್ತಿರವೇ ರೈಲ್ವೆ ಮ್ಯೂಸಿಯಂ ಮಾಡಿದ್ದಾರೆ, ಸಣ್ಣ ಹಳಿಯ ಹಳೆ ಎಂಜಿನ್ ಇವೆ. ಕೊಪ್ಪಳ, ಬಳ್ಳಾರಿಯಿಂದ ನೇರ ರೈಲು, ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಮೈಸೂರಿನದು 1979ರದ್ದು, ಅಲ್ಲಿ ಮಹಾರಾಜರ ಮನೆತನದ ಬೋಗಿಗಳಿವೆ. ಉಸಿರಾಡುವ ಎಂಜಿನ್ನೇ ಬೇಕೆಂದರೆ ನೀಲಗಿರಿ, ಮೆಟ್ಟುಪಾಳ್ಯದಿಂದ ಕೂನೂರಿಗೆ. ಅದು ಒಂದು ದಿನದ ಮಾತಲ್ಲ.

ಊಟ?

ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು, ಶೇಂಗಾ ಹೋಳಿಗೆ. ಸಂಜೆಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ತಟ್ಟೆ ಲೋಟ ನೀವೇ ತನ್ನಿ. ಪ್ಲಾಸ್ಟಿಕ್ ತಟ್ಟೆ ತಂದರೆ ಅತ್ತೆ ಬೈಯುತ್ತಾರೆ, ನನ್ನನ್ನು.

ಶೌಚಾಲಯ ಇದೆಯಾ?

ಹೊಲದ ಮನೆಯಲ್ಲಿ ಒಂದು ಇದೆ. ಮೊದಲಿನ ಕಾಲದ ಸಾಮಾನ್ಯ ಬೋಗಿಗಳಲ್ಲಿ ಅದೂ ಇರಲಿಲ್ಲ! 1909ರಲ್ಲಿ ಬಂಗಾಳಿ ಪ್ರಯಾಣಿಕರೊಬ್ಬರು ಹಲಸಿನ ಹಣ್ಣು ಜಾಸ್ತಿ ತಿಂದು, ಹೊಟ್ಟೆ ಕೆಟ್ಟು ಅಹ್ಮದ್‌ಪುರ ಸ್ಟೇಷನ್‌ನಲ್ಲಿ ಇಳಿದರು. ಅಷ್ಟರಲ್ಲಿ ಗಾರ್ಡ್ ಸೀಟಿ ಊದಿಬಿಟ್ಟ. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಧೋತರ ಹಿಡಿದು ಓಡಿ ಎಲ್ಲರೆದುರು ಬಿದ್ದೆ ಎಂದು ಅವರು ಬರೆದ ದೂರಿನ ಪತ್ರ ಪ್ರಸಿದ್ಧವಾಗಿದೆ. ಬೋಗಿಗಳಲ್ಲಿ ಶೌಚಾಲಯ ಬಂದದ್ದು ಆ ಪತ್ರದಿಂದ ಎಂದು ಹೇಳುತ್ತಾರೆ. ನಮ್ಮ ಮಕ್ಕಳು ಇದನ್ನು ಪ್ರತಿ ವರ್ಷ ಆಟದ ನಡುವೆ ತುರುಕುತ್ತಾರೆ. ತಂಬಿಗೆ ಪಾತ್ರಕ್ಕೆ ಈಗ ಡ್ರೈವರ್ ಪಾತ್ರಕ್ಕಿಂತ ಜಾಸ್ತಿ ಬೇಡಿಕೆ.

ವಯಸ್ಸಾದವರು, ಕೂಸುಗಳು ಬರಬಹುದಾ?

ಖಂಡಿತ. ಕೋಟೆ ಹತ್ತುವುದು ಬೇಡವೆಂದರೆ ಆಮ್ ತಲಾಬ್ ದಂಡೆಯಲ್ಲಿ ಕೂರಬಹುದು. ಎರೆಮಣ್ಣಿನ ಹೊಲ, ಹಿಂದಿನ ರಾತ್ರಿ ಮಳೆ ಬಂದಿದ್ದರೆ ಕಾಲು ಹೂಳುತ್ತದೆ. ಒಂದು ವರ್ಷ ಅಕಾಲದ ಮಳೆ ಬಂದು ಮದ್ರಾಸ್ ಎಂಜಿನ್ ಹೂತುಹೋಯಿತು. ಕೊನೆಗೆ ಬೊಂಬಾಯಿಯವರೇ ಹೋಗಿ ಎಳೆದು ತಂದರು. ಅವತ್ತು ನಾದಿನಿ ಕೂಡ ತಕರಾರು ತೆಗೆಯಲಿಲ್ಲ.

ನಾವು ಬಳ್ಳಾರಿಯಲ್ಲೋ ಕೊಪ್ಪಳದಲ್ಲೋ ಇಂಥದ್ದು ಮಾಡಬಹುದಾ?

ಮಾಡಿ. ಆದರೆ ನಮ್ಮ ಕಥೆಯನ್ನೇ ಒಯ್ಯಬೇಡಿ, ನಿಮ್ಮದು ಬೇರೆ ಇದೆ. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಹಳಿ ಬಂದದ್ದು ಹಸಿವಿನಿಂದ. 1876ರಿಂದ 78ರ ಬರ, ಹಿರಿಯರು ಧಾತು ಈಶ್ವರ ಬರ ಎನ್ನುತ್ತಿದ್ದರಲ್ಲ, ಅದು ಈ ಸೀಮೆಯನ್ನೇ ಗುಡಿಸಿ ಹಾಕಿತು. ಕಾಳು ಇದ್ದ ಕಡೆಯಿಂದ ಇಲ್ಲದ ಕಡೆಗೆ ಬೇಗ ಸಾಗಿಸಲು ದಾರಿ ಇರಲಿಲ್ಲ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು ಬರದ ಸೀಮೆಗೆ ಹಳಿ ಹಾಕುವುದಕ್ಕೆ. ಅವರ ಹಳಿ ಸಣ್ಣದು, ಒಂದೇ ಮೀಟರ್ ಅಗಲ. ಹಾಗಾಗಿ ದೊಡ್ಡ ಹಳಿ ಸಿಕ್ಕಲ್ಲಿ ಮೂಟೆಯನ್ನೆಲ್ಲ ಇಳಿಸಿ ಮತ್ತೆ ಏರಿಸಬೇಕಿತ್ತು. ಕೊಪ್ಪಳದ ಕಡೆ ದೊಡ್ಡ ಹಳಿ ಬಂದದ್ದು 1990ರ ದಶಕದಲ್ಲಿ.

ಅದನ್ನು ಆಡುವುದಾದರೆ ಮೂಟೆ ಹೊರುವುದರಿಂದ ಶುರುಮಾಡಿ. ತಂಬಿಗೆ ಪಾತ್ರ ಅಲ್ಲಿಗೆ ಒಗ್ಗುವುದಿಲ್ಲ. ಬರದ ಕಥೆಯನ್ನು ನಗುತ್ತಾ ಆಡಲು ಬರುವುದಿಲ್ಲ, ಮನೆಯ ಹಿರಿಯರನ್ನು ಕೇಳಿಕೊಂಡು ಮಾಡಿ.

ಮುಂದಿನ ವರ್ಷವೂ ಬಸ್ಸಿನಲ್ಲೇ ಬರುತ್ತೀರಾ?

ಸದ್ಯಕ್ಕೆ ಹೌದು. ಕೊಪ್ಪಳದ ಹತ್ತಿರದ ಗಿಣಿಗೇರಾದಿಂದ ಒಂದು ಹೊಸ ಹಳಿ ಬರುತ್ತಿದೆ. 2019ರಲ್ಲಿ ಗಂಗಾವತಿಗೆ ರೈಲು ಬಂತು, ಆಮೇಲೆ ಕಾರಟಗಿಗೆ, 2024ರಲ್ಲಿ ಸಿಂಧನೂರಿಗೆ. ಮುಂದೆ ಮಾನ್ವಿ ಮೇಲೆ ರಾಯಚೂರಿಗೆ ಬಂದು ಕೂಡಬೇಕು. 1871ರಲ್ಲಿ ಎರಡು ಕಡೆಯ ಹಳಿ ಕೂಡಿದ ಊರಿಗೆ ನಮ್ಮ ಕೊಪ್ಪಳದ ಕಡೆಯದೂ ಸೇರಿದಂತೆ. ಸಿಂಧನೂರಿಗೆ ರೈಲು ಬಂದ ಸುದ್ದಿ ಕೇಳಿದ ದಿನ ಮಾವ ಅಟ್ಟದಿಂದ ತಮ್ಮ ಹಳೆ ಸುತ್ತಿಗೆ ಇಳಿಸಿ, ಸಡಿಲಾಗಿದ್ದ ಹಿಡಿ ಬಿಗಿ ಮಾಡಿಟ್ಟರು. "ಈಗೆಲ್ಲಾ ಕ್ಲಿಪ್ಪು ಮಾವ, ಕೀ ಹೊಡೆಯೋದಿಲ್ಲ" ಎಂದೆ.

"ಗೊತ್ತವ್ವಾ," ಎಂದರು. "ಇರಲಿ."